ಒಂದು ಗಂಟೆಯ ಬಿಡುವು

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದರೂ ಯಾರ ಮೇಲೂ ಗುಂಡು ಹಾರಿಸಿದವರಲ್ಲ. ಅವರದು ಪೈಪು, ವಾಲ್ವು, ಪಂಪುಗಳ ಕೆಲಸ. ತುಕಡಿ ಎಲ್ಲಿ ಬೀಡುಬಿಟ್ಟರೂ ಅಲ್ಲಿಗೆ ನೀರು ತರಬೇಕಾದವರು ಅವರು. "ನಮ್ಮನೇವ್ರಿಗೆ ಶತ್ರು ಅಂದ್ರೆ ತುಕ್ಕು ಒಂದೇ" ಎಂದು ಚಿಕ್ಕಮ್ಮ ತಮಾಷೆ ಮಾಡುತ್ತಿದ್ದರು.

ನಮ್ಮದು ದೊಡ್ಡ ದೇಶವಲ್ಲ, ಹಾಗಂತ ಲೆಕ್ಕಕ್ಕಿಲ್ಲದ ದೇಶವೂ ಅಲ್ಲ. ದೂರದ ಒಂದು ನಾಡಿನಲ್ಲಿ ಎರಡು ಪಂಗಡಗಳು ವರ್ಷಗಟ್ಟಲೆ ಹೊಡೆದಾಡಿ, ಸುಸ್ತಾಗಿ, ಕದನವಿರಾಮಕ್ಕೆ ಒಪ್ಪಿದವು. ನಡುವೆ ನಿಲ್ಲಲು ಯಾರನ್ನು ಕರೆಯುವುದು ಎಂಬ ಪ್ರಶ್ನೆ ಬಂತು. ಬಲಾಢ್ಯ ದೇಶಗಳೆಲ್ಲ ಒಂದಲ್ಲ ಒಂದು ಕಡೆಗೆ ಮದ್ದುಗುಂಡು ಕೊಟ್ಟವೇ. ನಮ್ಮ ಮೇಲೆ ಮಾತ್ರ ಇಬ್ಬರಿಗೂ ಸಿಟ್ಟಿರಲಿಲ್ಲ. ಹಾಗಾಗಿ ನಮ್ಮವರು ನೀಲಿ ಟೋಪಿ ಹಾಕಿಕೊಂಡು ಶಾಂತಿಪಾಲನೆಗೆ ಹೊರಟರು. ಅವರೊಂದಿಗೆ ಚಿಕ್ಕಪ್ಪನೂ ಹೋದರು.

ಅಲ್ಲಿ ಎರಡು ಊರುಗಳ ನಡುವಿನ ಬಯಲಲ್ಲಿ ಒಂದು ಪಂಪ್‌ಹೌಸ್ ಇತ್ತು. ಎರಡೂ ಊರಿಗೆ ಅದರದೇ ನೀರು. ಯುದ್ಧದಲ್ಲಿ ಕೆಟ್ಟು ನಿಂತಿದ್ದ ಅದನ್ನು ರಿಪೇರಿ ಮಾಡಲು ಈ ಕಡೆಯವರು ಹೋದರೆ ಆ ಕಡೆಯಿಂದ ಗುಂಡು, ಆ ಕಡೆಯವರು ಹೋದರೆ ಈ ಕಡೆಯಿಂದ. ಕದನವಿರಾಮ ಬಂದ ಮೇಲೂ ಅಲ್ಲಿಗೆ ಕಾಲಿಡುವ ಧೈರ್ಯ ಯಾರಿಗೂ ಬರಲಿಲ್ಲ. ಚಿಕ್ಕಪ್ಪ ಎರಡೂ ಕಡೆಯ ಅಧಿಕಾರಿಗಳಿಗೆ ಫೋನ್ ಮಾಡಿ ಯಾರೂ ಗುಂಡು ಹಾರಿಸದಂತೆ ಒಂದು ಗಂಟೆ ಬಿಡುವು ಕೇಳಿದರು. ಆ ಬಿಡುವಿನಲ್ಲಿ ಒಂದೊಂದು ಊರಿನಿಂದ ಒಬ್ಬೊಬ್ಬ ಮೆಕ್ಯಾನಿಕ್‌ನನ್ನು ಕರೆಸಿಕೊಂಡರು. ಹೀಗೆ ಮತ್ತೆ ಮತ್ತೆ ಕೇಳಿ, ಮತ್ತೆ ಮತ್ತೆ ಕರೆಸಿ, ಕೆಲಸ ಸಾಗಿತು.

ಮೇಲಿನ ಊರಿನ ಮೆಕ್ಯಾನಿಕ್ ಮುದುಕ, ಸದಾ ಗೊಣಗುವವನು. ಕೆಳಗಿನ ಊರಿನವನಿಗೆ ಆಗಷ್ಟೇ ಮದುವೆಯಾಗಿತ್ತು. ಮೊದಮೊದಲು ಅವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸ್ಪ್ಯಾನರ್ ಕೂಡ ಚಿಕ್ಕಪ್ಪನ ಕೈ ದಾಟಿಯೇ ಹೋಗಬೇಕಿತ್ತು. ಒಂದು ದಿನ ತುಕ್ಕು ಹಿಡಿದ ಬೋಲ್ಟೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಬ್ಬರೂ ಒಂದೇ ಸ್ಪ್ಯಾನರ್‌ಗೆ ಜೋತುಬಿದ್ದರು. ಅದು ಜಾರಿ ಒಬ್ಬರ ಮೇಲೊಬ್ಬರು ಬಿದ್ದಾಗ ಮೊದಲು ನಕ್ಕವನು ಮುದುಕ. ಆಮೇಲೆ ಎಲ್ಲ ಸಲೀಸಾಯಿತು. ಎರಡೂ ಊರಿಗೆ ನೀರು ಹರಿಯಿತು.

ಶಾಂತಿಪಾಲನಾ ಪಡೆಯ ಅವಧಿ ಮುಗಿಯುತ್ತಾ ಬಂದಾಗ ಅದನ್ನು ಮುಂದುವರಿಸಲು ದೊಡ್ಡ ದೇಶಗಳು ಒಮ್ಮತಕ್ಕೆ ಬರಲಿಲ್ಲ. ನಮ್ಮ ದೇಶ ಉಳಿಯಲು ತಯಾರಿತ್ತು, ಆದರೆ ಅದರ ಮಾತು ಅಷ್ಟು ದೂರ ನಡೆಯಲಿಲ್ಲ. ಹೊರಡುವ ದಿನ ಕಿರಿಯ ಮೆಕ್ಯಾನಿಕ್ ಕೇಳಿದನಂತೆ: "ನೀವು ಹೋದ್ಮೇಲೆ ಬಿಡುವು ಯಾರು ಕೇಳ್ತಾರೆ?" ಚಿಕ್ಕಪ್ಪ ಇಬ್ಬರಿಗೂ ಮನೆಯ ಫೋನ್ ನಂಬರ್ ಕೊಟ್ಟು ಬಂದರು.

ಊರಿಗೆ ಮರಳಿ ಅವರು ನಗರದ ನೀರು ಸರಬರಾಜು ಕಚೇರಿ ಸೇರಿದರು. ಒಂದು ರಜೆಯ ಮಧ್ಯಾಹ್ನ ನಾನೂ ಚಿಕ್ಕಮ್ಮನೂ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಫೋನ್ ಬಂತು. ಆ ಕಡೆ ಮೇಲಿನ ಊರಿನ ಮುದುಕ. ಚಿಕ್ಕಪ್ಪ ಆ ನಾಡಿನ ಭಾಷೆಯಲ್ಲಿ ತಡವರಿಸುತ್ತಾ ಮಾತಾಡಿದರು, ಆಮೇಲೆ ಗೋಡೆಗೆ ಒರಗಿದರು.

ಅಲ್ಲಿ ಮತ್ತೆ ಯುದ್ಧ ಶುರುವಾಗಿತ್ತು. ಪಂಪು ನಿಂತಾಗ ಕಿರಿಯವನು ಯಾರನ್ನೂ ಕೇಳದೆ ಒಬ್ಬನೇ ರಿಪೇರಿಗೆ ಹೋಗಿದ್ದ. ಮುದುಕನ ಕಡೆಯವರೇ ಅವನಿಗೆ ಗುಂಡು ಹೊಡೆದಿದ್ದರು. ಹೆಣ ಬಯಲಲ್ಲೇ ಬಿದ್ದಿತ್ತು. ಊರಂಚಿನಲ್ಲಿ ನಿಂತ ಅವನ ಹೆಂಡತಿ ಮುದುಕನ ಮನೆಯ ಕಿಟಕಿಗೆ ಕಾಣುತ್ತಿದ್ದಳಂತೆ. "ನನ್ನ ಮಾತು ಇಲ್ಲಿ ಯಾರೂ ಕೇಳಲ್ಲ, ಹೆಣ ಎತ್ತೋಕೆ ನೀವು ಬಿಡುವು ಕೇಳಿ" ಎಂದಿದ್ದ ಮುದುಕ.

"ನೀವೀಗ ಆ ಕೆಲಸದಲ್ಲೇ ಇಲ್ವಲ್ರೀ. ನಿಮ್ಮ ಮಾತು ಅವ್ರು ಕೇಳ್ತಾರಾ?" ಎಂದರು ಚಿಕ್ಕಮ್ಮ.

"ಅವ್ರು ಕೇಳ್ದಿದ್ರೂ ನಾನು ಕೇಳ್ಬೇಕಲ್ಲ."

ಮೇಲಿನ ಊರಿನ ಅಧಿಕಾರಿಯ ನಂಬರ್ ಅವರಿಗೆ ಬಾಯಿಪಾಠವಾಗಿತ್ತು. ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಮಾತಾಡಿದರು. ಯಾವ ಅಧಿಕಾರದ ಮೇಲೆ ಕೇಳುತ್ತಿದ್ದೀಯ ಎಂದು ಆತ ಗದರಿದನಂತೆ. ಚಿಕ್ಕಪ್ಪ, "ಅಧಿಕಾರ ಏನೂ ಇಲ್ಲ ಸಾರ್. ಅವನು ಎತ್ತಿಕೊಟ್ಟ ನೀರನ್ನ ನೀವೂ ಕುಡ್ದಿದ್ದೀರಿ" ಎಂದರು. ಕೊನೆಗೆ ಒಂದು ಗಂಟೆ ಸಿಕ್ಕಿತು. ಇನ್ನೊಂದು ಕಡೆಯವರು ಇದರಲ್ಲೂ ಮೋಸವಿದೆಯೇನೋ ಎಂದು ಅನುಮಾನಿಸುತ್ತಲೇ ಒಪ್ಪಿದರು.

ಸಂಜೆ ಮುದುಕ ಮತ್ತೆ ಫೋನ್ ಮಾಡಿದ. ಬಿಳಿ ಬಟ್ಟೆ ಹಿಡಿದು ತಾನೇ ಬಯಲಿಗೆ ಇಳಿದಿದ್ದನಂತೆ. ಸತ್ತವನ ಅಣ್ಣಂದಿರು ಭುಜ ಹಿಡಿದರೆ ಇವನು ಕಾಲು ಹಿಡಿದು ಅವರ ಊರಂಚಿನವರೆಗೂ ಹೊತ್ತಿದ್ದ. ಅವನ ಹೆಂಡತಿ ಏನಾದರೂ ಅಂದಳಾ ಎಂದು ಚಿಕ್ಕಪ್ಪ ಕೇಳಿದರು. "ನನ್ನ ಮುಖ ನೋಡ್ಲಿಲ್ಲ" ಎಂದನಂತೆ ಮುದುಕ. ನಮಗೆ ಇದನ್ನು ಹೇಳುತ್ತಾ ಚಿಕ್ಕಪ್ಪ ಅಂಗೈಯಿಂದ ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಮಡಚಿಟ್ಟ ಟವೆಲನ್ನೇ ಬಿಚ್ಚಿ ಅವರ ಕೈಗೆ ಕೊಟ್ಟರು.

ಪಂಪು ರಿಪೇರಿಗೆ ಇನ್ನೊಂದು ಬಿಡುವು ಕೇಳೋಣವೆಂದು ಮರುದಿನ ಫೋನ್ ಮಾಡಿದರೆ ಅಧಿಕಾರಿ ಎತ್ತಲಿಲ್ಲ. ಕೆಲವು ದಿನಗಳಾದ ಮೇಲೆ ರಿಂಗಾಗುವುದೂ ನಿಂತಿತು. ಮುದುಕನಿಂದಲೂ ಸುದ್ದಿಯಿಲ್ಲ. ಆದರೂ ಚಿಕ್ಕಪ್ಪ ಎಷ್ಟೋ ಕಾಲ, ಕೆಲಸಕ್ಕೆ ಹೊರಡುವ ಮುನ್ನ ಚಪ್ಪಲಿ ಮೆಟ್ಟಿಕೊಂಡೇ, ಆ ನಂಬರುಗಳನ್ನು ಒತ್ತಿ ನೋಡುತ್ತಿದ್ದರು. ಚಿಕ್ಕಮ್ಮ ಬಾಗಿಲ ಬಳಿ ಊಟದ ಡಬ್ಬಿ ಹಿಡಿದು, ಅವಸರ ಮಾಡದೆ ಕಾಯುತ್ತಿದ್ದರು.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡರು. ಆ ಎರಡು ಊರಿಗೆ ಮತ್ತೆ ನೀರು ಬಂತೋ ಇಲ್ಲವೋ, ನಮಗೆ ಯಾರೂ ತಿಳಿಸಲಿಲ್ಲ.