ಅಪ್ಪನ ಹಣೆಯ ಮೇಲೆ ಏಳರ ನಾಣ್ಯ

“ಒಂದ್ರೂಪಾಯಿ ಕಾಸ್ ಕೊಡ್ರಪ್ಪಾ, ಹಣೆ ಮ್ಯಾಲಿಡ್ಬೇಕು” ಎಂದು ಚಿಕ್ಕಪ್ಪ ಕೈ ಚಾಚಿದರು. ಮಾಗಡಿಯ ನಮ್ಮ ಮನೆಯಂಗಳದಲ್ಲಿ ಅಪ್ಪನ ಶವದ ಸುತ್ತ ನಿಂತಿದ್ದವರೆಲ್ಲ ಜೇಬು ತಡಕಿದರು. ಎಲ್ಲರ ಬಳಿಯೂ ಮೊಬೈಲ್ ಇತ್ತು, ನಾಣ್ಯ ಒಬ್ಬರಲ್ಲೂ ಇರಲಿಲ್ಲ. ದೇವರ ಮುಡಿಪಿನ ಕಾಸನ್ನು ಸೂತಕದಲ್ಲಿ ಮುಟ್ಟುವಂತಿರಲಿಲ್ಲ.

ಅಮ್ಮ ಒಳಗಿನಿಂದ ಮರದ ಬಿಲ್ಲೆಯೊಂದನ್ನು ತಂದಳು. ಅದರ ಮೇಲೆ ಏಳು ಎಂದು ಬರೆದಿತ್ತು. ಗಣಿತದ ಮೇಷ್ಟ್ರಾಗಿದ್ದ ಅಪ್ಪ, ಲೆಕ್ಕದ ಒಗಟುಗಳಿಗೆಂದು ಚನ್ನಪಟ್ಟಣದಲ್ಲಿ ಮಾಡಿಸಿದ್ದ ನಾಣ್ಯ ಅದು. ಹಿಂದಿನ ಸಂಜೆಯಷ್ಟೇ ನನ್ನನ್ನು ಕೇಳಿದ್ದರು: ಐದರ ಮತ್ತು ಏಳರ ನಾಣ್ಯ ಮಾತ್ರ ಇರುವ ಊರಲ್ಲಿ, ಚಿಲ್ಲರೆ ವಾಪಸ್ ಪಡೆಯದೆ ಕೊಡಲಾಗದ ಅತಿ ದೊಡ್ಡ ಮೊತ್ತ ಯಾವುದು? “ಬೆಳಿಗ್ಗೆ ಹೇಳ್ತೀನಪ್ಪಾ” ಎಂದು ನಾನು ಮೊಬೈಲ್ ನೋಡುತ್ತಾ ಎದ್ದು ಹೋಗಿದ್ದೆ.

“ಇದು ಆಟದ್ ಬಿಲ್ಲೆ ಕಣತ್ಗೆ” ಎಂದು ಚಿಕ್ಕಪ್ಪ ಗೊಣಗಿದರು.

“ಇನ್ನೇನೈತೆ ಮನೇಲಿ? ಇಡಪ್ಪಾ” ಎಂದಳು ಅಮ್ಮ. ಇಟ್ಟರು.

ಹಾಲು ತುಪ್ಪದ ದಿನ ಉತ್ತರ ಹೊಳೆಯಿತು: ಇಪ್ಪತ್ತಮೂರು. ಸರಿಯೋ ತಪ್ಪೋ ಹೇಳುವವರು ಇರಲಿಲ್ಲ. ಮುಂದೊಂದು ದಿನ ಮನೆಯಲ್ಲಿ ಮತ್ತೆ ಬೇಕಾದೀತೆಂದು ಈಗ ನನ್ನ ಪರ್ಸಿನಲ್ಲಿ ಸದಾ ಒಂದು ರೂಪಾಯಿಯ ನಾಣ್ಯವಿರುತ್ತದೆ. ಅದು ಕೈಗೆ ತಗುಲಿದಾಗಲೆಲ್ಲ ಅಮ್ಮನ ಹಣೆ ಕಣ್ಣ ಮುಂದೆ ಬಂದು, ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ.