ಮೀನಿನ ಬಾಯಲ್ಲಿ ಅಪ್ಪನ ಗಾಳ

ಗೆಳೆಯರೇ, ಇವತ್ತು ಖಾನಾಪುರದ ಬಳಿ ಮಲಪ್ರಭೆಯಲ್ಲಿ ನಮ್ಮ ಭಾವ ಹಿಡಿದ ಮೀನಿನ ತುಟಿಯಲ್ಲಿ ಮೊದಲೇ ಇನ್ನೊಂದು ಗಾಳ ಇತ್ತು. ತುಕ್ಕು ಹಿಡಿದ ಆ ಗಾಳದ ಬುಡಕ್ಕೆ ಹಳದಿ ದಾರ ಸುತ್ತಿತ್ತು.

ಮಿಲಿಟರಿ ಕ್ಯಾಂಪಿನಲ್ಲಿ ಟೇಲರ್ ಆಗಿದ್ದ ಅಪ್ಪ ಮಾತ್ರ ಗಾಳಕ್ಕೆ ಹಾಗೆ ಹೊಲಿಗೆ ದಾರ ಸುತ್ತುತ್ತಿದ್ದರು. ಹೋದ ಬೇಸಿಗೆಯಲ್ಲಿ ಇದೇ ಮಡುವಿನಲ್ಲಿ ದೊಡ್ಡ ಮೀನೊಂದು ಅವರ ಗಾಳ ಹರಿದುಕೊಂಡು ಹೋಗಿತ್ತು. ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು.

"ಬಿಟ್ಟುಬಿಡ್ರಿ ಅದನ್ನ," ಎಂದಳು ಅಕ್ಕ.

"ಹುಚ್ಚೇನ ನಿನಗ? ಇಂಥಾದ್ದು ದಿನಾ ಸಿಗತೈತೇನು?" ಎಂದು ಭಾವ ಬುಟ್ಟಿ ಎಳೆದುಕೊಂಡರು.

ಅವ್ವ ಮೀನನ್ನು ಕೈಗೆ ತೆಗೆದುಕೊಂಡಳು. ಎರಡೂ ಗಾಳ ಬಿಡಿಸಿ ಮೊಣಕಾಲುದ್ದ ನೀರಿಗಿಳಿದಳು. "ಆರಾಮ ಅದೀರೇನ್ರಿ?" ಎಂದು ಕೇಳಿದಳು. ನಲವತ್ತು ವರ್ಷ ಅಪ್ಪನೊಂದಿಗೆ ಮಾತಾಡಿದ ದನಿ ಅದು.

ಬಿಟ್ಟ ಮೀನು ಓಡಲಿಲ್ಲ. ಅವಳ ಪಾದದ ಬಳಿಯೇ ಬಾಯಿ ತೆರೆದು ಮುಚ್ಚುತ್ತ ನಿಂತಿತು. ಅವ್ವ ಬಗ್ಗಿ ಕೇಳಿಸಿಕೊಳ್ಳುತ್ತ, ನಡುನಡುವೆ "ಹೂನ್ರಿ" ಎನ್ನುತ್ತಿದ್ದಳು. 

ಎಲ್ಲರಿಗಿಂತ ಮೊದಲು ಸಾಮಾನು ಕಟ್ಟಿದವರು ಭಾವ. ಅಪ್ಪ ಏನು ಹೇಳಿದರೆಂದು ಅವ್ವನನ್ನು ಕೇಳುವ ಧೈರ್ಯ ಹಿಂದವಾಡಿಯ ಮನೆ ಮುಟ್ಟುವವರೆಗೂ ಯಾರಿಗೂ ಬರಲಿಲ್ಲ. ಮೀನೂಟಕ್ಕೆ ಬರುತ್ತೇವೆಂದಿದ್ದವರು ಬನ್ನಿ, ಬದನೆಕಾಯಿ ಪಲ್ಯ ಮಾಡಿದ್ದೇವೆ.