ಚಿನ್ನದ ಚುಕ್ಕೆಯ ಹುಳು

ಇಲ್ಲಿ ಕೊಲ್ಲಿ ದೇಶದಲ್ಲಿ, ಐನ್ ಖಾಲಿದ್‌ನ ನಮ್ಮ ಮನೆಯ ಹಿತ್ತಿಲಿನ ಮರಳಲ್ಲಿ ಎಕ್ಕದ ಗಿಡವೊಂದು ತಾನಾಗಿ ಎದ್ದಿದೆ. ಚಳಿ ಬಿಡುತ್ತಿದ್ದಂತೆ ಇವತ್ತು ಅದಕ್ಕೆ ಕಿತ್ತಳೆ ಬಣ್ಣದ ಚಿಟ್ಟೆ ಬಂದಿತ್ತು. ಮೊಮ್ಮಗಳು ಮೊಬೈಲ್ ಹಿಡಿದು ಓಡಿ ಬಂದಳು.

"ಅಜ್ಜಿ, ಮೊನಾರ್ಕ್ ಚಿಟ್ಟೆ!"

"ಎಂಥ ಮೊನಾರ್ಕ್? ಇದು ನಮ್ಮೂರಿನ ಎಕ್ಕದ ಚಿಟ್ಟೆ. ಇದರ ಹುಳುವಿಗಾಗಿ ನಾನು ಸುಳ್ಳು ಹೇಳಿದವಳು."

ನಾನು ಚಿಕ್ಕವಳಿದ್ದಾಗ ಊರಿನಲ್ಲಿ ನನ್ನ ದೊಡ್ಡಮ್ಮನಿಗೆ ಮೊಣಕಾಲು ನೋವು. ದಿನಾ ಸಂಜೆ ಎಕ್ಕದ ಎಲೆಗೆ ಎಣ್ಣೆ ಸವರಿ, ಕಾವಲಿಯ ಮೇಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು. ಎಲೆ ತರುವ ಕೆಲಸ ನನ್ನದು. ಒಮ್ಮೆ ಪಟ್ಟೆಪಟ್ಟೆ ಹುಳುಗಳು ಗಿಡವನ್ನೆಲ್ಲ ತಿಂದು ನಾಲ್ಕೇ ಎಲೆ ಉಳಿಸಿದ್ದವು.

"ಹುಳು ಕೋಳಿಗೆ ಹಾಕು, ಎಲೆ ತಾ" ಎಂದಳು ದೊಡ್ಡಮ್ಮ. ಎಲೆಯೇ ಇಲ್ಲ ಎಂದುಬಿಟ್ಟೆ.

ವಾರ ಕಳೆದ ಮೇಲೆ ಅವಳೇ ಕುಂಟುತ್ತ ನೋಡಲು ಬಂದಳು. ನನ್ನ ಕಿವಿ ಹಿಂಡಲು ಎತ್ತಿದ ಕೈ ಅಲ್ಲೇ ನಿಂತಿತು. ಎಲೆಯ ಅಡಿಯಲ್ಲಿ ಹಸಿರು ಗೂಡೊಂದು ನೇತಾಡುತ್ತಿತ್ತು. ಅದರ ಮೈತುಂಬ ಚಿನ್ನದ ಚುಕ್ಕೆಗಳು.

"ನನ್ನ ಕಿವಿಗಿಲ್ಲದ ಚಿನ್ನ ಈ ಹುಳುವಿಗೆ ಉಂಟಲ್ಲ ಮಾರಾಯ್ತಿ!"

ಚಿಟ್ಟೆ ಹೊರಬರುವ ತನಕ ಅವಳು ಮತ್ತೆ ಎಲೆ ಕೇಳಲಿಲ್ಲ. ನೋವು ತಾಳಲಾರದೆ ನನ್ನನ್ನು, ಕೋಳಿಗಳನ್ನು, ಇಡೀ ಊರನ್ನು ಬೈದಳು. ಗಿಡಕ್ಕೆ ಮಾತ್ರ ಕೈ ಹಾಕಲಿಲ್ಲ.

ಕಥೆ ಕೇಳಿದ ಮೊಮ್ಮಗಳು ಒಂದೊಂದೇ ಎಲೆ ತಿರುಗಿಸಿ ಹುಳು ಹುಡುಕತೊಡಗಿದಳು.

"ಅಜ್ಜಿ, ನಿಮ್ಮ ಕಾಲು ನೋವಿಗೂ ಈ ಎಲೆ ಕಟ್ಟುವುದಾ?"

"ಬೇಡ ಮಗಾ. ನನಗೆ ಫಾರ್ಮಸಿಯ ಮುಲಾಮು ಸಾಕು."

ಆ ಮುಲಾಮಿನಿಂದ ಏನೂ ಆಗುವುದಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ.